ಕುಡಿತದ ಚಿಕಿತ್ಸೆಗೆ ವಿಮೆ ಸಿಗುತ್ತದೆಯೇ? ಕಲಬುರಗಿ, ಕಮಲಾಪುರದ ಕುಟುಂಬಗಳಿಗೆ ಮಾಹಿತಿ

ಮನೆಯ ಯಜಮಾನನನ್ನು ಕುಡಿತ ಬಿಡಿಸಲು ಆಸ್ಪತ್ರೆಗೆ ಸೇರಿಸಿದರೆ ವಿಮೆಯ ಹಣ ಬರುತ್ತದೆಯೇ? ಈ ಪ್ರಶ್ನೆಗೆ ದೇಶದ ಕಾನೂನು ಒಂದು ಉತ್ತರ ಕೊಟ್ಟರೆ, ಕೈಯಲ್ಲಿರುವ ಪಾಲಿಸಿಯ ಕಾಗದ ಇನ್ನೊಂದು ಉತ್ತರ ಕೊಡುತ್ತದೆ. ಎರಡರ ನಡುವೆ ಸಿಕ್ಕಿಕೊಂಡವರು ಸಾಲ ಮಾಡುತ್ತಾರೆ, ಇಲ್ಲವೇ ಚಿಕಿತ್ಸೆಯನ್ನೇ ಕೈಬಿಡುತ್ತಾರೆ. ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಗೆ ದಾಖಲಾದವರು 180ರಲ್ಲಿ ಒಬ್ಬರು.

ಬಡವರ ಆರೋಗ್ಯ ವಿಮೆಯ ವಿಷಯದಲ್ಲಿ ಕಲಬುರಗಿ ಹಿಂದುಳಿದ ಊರಲ್ಲ. ರಾಜ್ಯದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಯಾದದ್ದೇ ಆಗಿನ ಗುಲ್ಬರ್ಗ ವಿಭಾಗದಲ್ಲಿ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರರೋಗ, ಸುಟ್ಟಗಾಯ ಮುಂತಾದ ದೊಡ್ಡ ಕಾಯಿಲೆಗಳಿಗೆ ಬಿ.ಪಿ.ಎಲ್. ಕುಟುಂಬಗಳು ಹಣ ಕೊಡಬೇಕಾಗಿರಲಿಲ್ಲ. ಆದರೆ ಆ ಪಟ್ಟಿಯಲ್ಲಿ ವ್ಯಸನಕ್ಕೆ ಸ್ಥಾನವಿರಲಿಲ್ಲ. ಅದಕ್ಕೂ ಮೊದಲು 2008ರಲ್ಲಿ ಆರಂಭವಾದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಂತೂ ಮದ್ಯ ಮತ್ತು ಮಾದಕ ವಸ್ತುಗಳಿಂದ ಬಂದ ಕಾಯಿಲೆಗಳನ್ನು ಸ್ಪಷ್ಟವಾಗಿಯೇ ಹೊರಗಿಟ್ಟಿತ್ತು.

ಪರಿಸ್ಥಿತಿ ಬದಲಾದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಿಂದ. ಇದು 2018ರಲ್ಲಿ ಜಾರಿಗೆ ಬಂತು. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಮಾನಸಿಕ ಕಾಯಿಲೆಯೇ ಎಂದು ಅದರ ವ್ಯಾಖ್ಯೆಯಲ್ಲಿದೆ. ಶರೀರದ ಕಾಯಿಲೆಗೆ ಹೇಗೋ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕೆಂದು 21ನೇ ಕಲಮು ಹೇಳುತ್ತದೆ. ಇದನ್ನು ಕೂಡಲೇ ಪಾಲಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಆಗಸ್ಟ್‌ನಲ್ಲಿ ಕಂಪೆನಿಗಳಿಗೆ ಸುತ್ತೋಲೆ ಕಳುಹಿಸಿತು.

ಆದರೆ ಅದೇ ಪ್ರಾಧಿಕಾರ 2019ರಲ್ಲಿ ಪಾಲಿಸಿಗಳ ವಿನಾಯಿತಿಗಳಿಗೆ ಏಕರೂಪದ ಪದಗಳನ್ನು ಗೊತ್ತುಮಾಡಿತು. ಮಾನಸಿಕ ಕಾಯಿಲೆಯನ್ನು ಹೊರಗಿಡುವಂತಿಲ್ಲ ಎಂದು ಅಲ್ಲಿ ಬರೆಯಲಾಯಿತು. ಜತೆಗೇ 12ನೇ ಸಂಕೇತದಡಿ ಮದ್ಯಪಾನ, ಮಾದಕ ವಸ್ತುಗಳ ಚಟ ಮತ್ತು 'ಅದರ ಪರಿಣಾಮಗಳ' ಚಿಕಿತ್ಸೆಯನ್ನು ಹೊರಗಿಡಲು ಅವಕಾಶವೂ ಉಳಿಯಿತು. ಬಲಗೈ ಕೊಟ್ಟದ್ದನ್ನು ಎಡಗೈ ಕಸಿದುಕೊಂಡಂತೆ! 'ಎಕ್ಸ್‌ಕ್ಲೂಷನ್ 12' ಎಂಬ ಈ ಸಾಲು ಇಂದಿಗೂ ಅನೇಕ ಖಾಸಗಿ ಪಾಲಿಸಿಗಳಲ್ಲಿದೆ. 'ಪರಿಣಾಮಗಳು' ಎಂಬ ಒಂದೇ ಪದದಿಂದ ಯಕೃತ್ತಿನ ಕಾಯಿಲೆಯ ಬಿಲ್ಲೂ ತಿರಸ್ಕೃತವಾಗಬಹುದು. ಹಾಗೆಂದು ವೈದ್ಯರಿಂದ ಕುಡಿತವನ್ನು ಮುಚ್ಚಿಡುವುದು ಜೀವಕ್ಕೇ ಅಪಾಯ. ದಿನವೂ ಹೆಚ್ಚು ಕುಡಿಯುವವರು ಹಠಾತ್ತನೆ ನಿಲ್ಲಿಸಿದರೆ ಒಂದೆರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ, ನಡುಕ ಕಾಣಿಸಿಕೊಳ್ಳಬಹುದು. ವಿಷಯ ತಿಳಿದಿದ್ದರೆ ಮಾತ್ರ ವೈದ್ಯರು ಇದನ್ನು ತಡೆಯಬಲ್ಲರು.

ಬಿ.ಪಿ.ಎಲ್. ಕುಟುಂಬಗಳ ದಾರಿ ಬೇರೆ. 2018ರಲ್ಲಿ ಒಂದುಗೂಡಿದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎ.ಪಿ.ಎಲ್. ಕುಟುಂಬಗಳಿಗೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ, ಸರಕಾರ ಭರಿಸುತ್ತದೆ. ಆಯುಷ್ಮಾನ್ ಭಾರತ್‌ನ ಚಿಕಿತ್ಸಾ ಪಟ್ಟಿಯಲ್ಲಿ ಅಮಲು ಪದಾರ್ಥಗಳಿಂದ ಬರುವ ಮಾನಸಿಕ ತೊಂದರೆಗಳೂ ಸೇರಿವೆ. 2018ರ ಮೂಲ ಪಟ್ಟಿಯಲ್ಲಿ ಇವು ಸರಕಾರಿ ಆಸ್ಪತ್ರೆಗಳಿಗೆ ಮೀಸಲಾಗಿದ್ದವು. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರಕಾರಿ ವೈದ್ಯರ ಶಿಫಾರಸು ಪತ್ರ ಬೇಕು. ಆದ್ದರಿಂದ ಮೊದಲು ಕಲಬುರಗಿಯ ಜಿಮ್ಸ್ ಬೋಧನಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸುವುದೇ ಕ್ರಮ.

ಕಮಲಾಪುರದವರ ಕಷ್ಟ ಇಲ್ಲಿಂದ ಆರಂಭವಾಗುತ್ತದೆ. ಕೆಂಪು ಬಾಳೆಗೆ ಹೆಸರಾದ ಈ ಊರು ತಾಲೂಕು ಕೇಂದ್ರವಾದದ್ದು ಇತ್ತೀಚೆಗೆ. ಹುಮನಾಬಾದ್ ರಸ್ತೆಯಲ್ಲಿ ಕಲಬುರಗಿಗೆ ಸುಮಾರು 35 ಕಿ.ಮೀ. ಯೋಜನೆಯ ಹಣ ಹಾಸಿಗೆ ಹಿಡಿದ ದಿನಗಳಿಗೆ ಮಾತ್ರ. ದೇಹದಿಂದ ಮದ್ಯದ ವಿಷ ಇಳಿಸಲು ಒಂದೆರಡು ವಾರ ಸಾಕು. ಆಮೇಲೆ ಅಕಾಂಪ್ರೊಸೇಟ್, ನಾಲ್ಟ್ರೆಕ್ಸೋನ್‌ನಂತಹ ಮಾತ್ರೆಗಳು, ಆಪ್ತಸಮಾಲೋಚನೆ ತಿಂಗಳುಗಟ್ಟಲೆ ನಡೆಯಬೇಕು. ವ್ಯಸನ ಮರುಕಳಿಸುವುದೂ ಈ ಅವಧಿಯಲ್ಲೇ. ಈ ಹೊರರೋಗಿ ಚಿಕಿತ್ಸೆ ವಿಮೆಗೆ ಸೇರುವುದಿಲ್ಲ. ಪ್ರತಿ ಭೇಟಿಗೂ ಬಸ್ ಚಾರ್ಜು, ಜತೆಗೆ ಬರುವವರದೂ ಸೇರಿ ಎರಡು ಆಳಿನ ಕೂಲಿ ಹೋಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಸುಧಾರಣೆಯ ನಿಜವಾದ ಕೊರತೆ ಇದೇ. ಕರಾವಳಿಯಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನು ಕಂಡವರಿಗೂ ಶಿಬಿರ ಮುಗಿದ ನಂತರದ ತಿಂಗಳುಗಳೇ ಕಠಿಣ ಎಂಬುದು ಗೊತ್ತು.

ಈ ಅಂತರ ತುಂಬಲು ಇರುವುದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ವ್ಯವಸ್ಥೆಯನ್ನು ರಾಜ್ಯ ಸರಕಾರ ರೂಪಿಸಿದೆ. ಕಮಲಾಪುರದವರು ಹತ್ತಿರದ ಭೇಟಿಯ ಸ್ಥಳ, ದಿನವನ್ನು ಊರಿನ ಸರಕಾರಿ ಆಸ್ಪತ್ರೆಯಲ್ಲಿ ಕೇಳಿಕೊಳ್ಳಬೇಕು. ಕೇಂದ್ರದ ಟೆಲಿ ಮಾನಸ್ ಸಹಾಯವಾಣಿ 14416, ವ್ಯಸನಮುಕ್ತಿ ಸಹಾಯವಾಣಿ 14446, ಎರಡೂ ಉಚಿತ.

ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಮಾತು. ಕಾಯ್ದೆಯ 18ನೇ ಕಲಮಿನಂತೆ ಬಡತನ ರೇಖೆಗಿಂತ ಕೆಳಗಿರುವವರಿಗೆ, ಅವರ ಬಳಿ ಬಿ.ಪಿ.ಎಲ್. ಕಾರ್ಡು ಇರಲಿ ಇಲ್ಲದಿರಲಿ, ಸರಕಾರ ನಡೆಸುವ ಅಥವಾ ಅನುದಾನ ಕೊಡುವ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಚಿಕಿತ್ಸೆ ಪೂರ್ತಿ ಉಚಿತ. ಕನಿಷ್ಠ ಸೇವೆಗಳು ಜಿಲ್ಲೆಯ ಸರಕಾರಿ ವ್ಯವಸ್ಥೆಯಲ್ಲಿ ಇಲ್ಲವಾದರೆ, ಅದೇ ಜಿಲ್ಲೆಯ ಬೇರೆ ಕೇಂದ್ರದಲ್ಲಿ ಪಡೆದ ಚಿಕಿತ್ಸೆಯ ವೆಚ್ಚವನ್ನು ಸರಕಾರವೇ ಭರಿಸಬೇಕು. ಇದು ವಿಮೆಯಲ್ಲ, ಹಕ್ಕು. ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಮುಂಗಡ ಕಟ್ಟುವ ಮುನ್ನ ಅದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ ಎಂದು ಕೇಳಿ, ಪ್ರಮಾಣಪತ್ರವನ್ನು ಕಣ್ಣಾರೆ ನೋಡಿ. ಪಾಲಿಸಿ ಇದ್ದವರು ದಾಖಲಾಗುವ ಮೊದಲೇ 'ಎಕ್ಸ್‌ಕ್ಲೂಷನ್ 12' ಇದೆಯೇ ಎಂದು ಕಂಪೆನಿಯಿಂದ ಬರಹದಲ್ಲಿ ಉತ್ತರ ಪಡೆದುಕೊಳ್ಳಿ.