ಏಣಿ ಹಿಡಿದು ನಿಂತವರು

ನಮ್ಮ ಪ್ರೌಢಶಾಲೆಗೆ ಐವತ್ತು ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿದರು. ಶಾಲೆಯ ಕಟ್ಟಡ, ಕಲಿಸಿದ ಗುರುಗಳು, ಗೆದ್ದ ಆಟೋಟಗಳ ಬಗ್ಗೆ ಬರೆಯಲು ನನಗಿಂತ ಹಿರಿಯರು ಅನೇಕರಿದ್ದಾರೆ. ವಕೀಲಿ ವೃತ್ತಿಯಲ್ಲಿರುವ, ಚರಿತ್ರೆಯ ಓದಿನಲ್ಲಿ ಆಸಕ್ತಿಯುಳ್ಳ ಒಬ್ಬ ಹಳೆಯ ವಿದ್ಯಾರ್ಥಿಯಾಗಿ ನಾನು ಬೇರೊಂದು ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ. ಓದುಬರಹವೇ ಇಲ್ಲದ ಮನೆಗಳ ಮಕ್ಕಳು ಕಚೇರಿ, ಕೋರ್ಟು, ಕಾಲೇಜುಗಳ ಒಳಗೆ ಹೋಗಿ ಕೂರುವಂತಾದದ್ದು ಹೇಗೆ? ಆ ದಾರಿಯನ್ನು ಮಾಡಿಕೊಟ್ಟವರು ಯಾರು?

ರಾಜರು, ಮಠಗಳು, ಮಿಶನರಿಗಳು, ಸರ್ಕಾರಗಳು ಮಾಡಿದ ಕೆಲಸ ದೊಡ್ಡದು. ಅದನ್ನು ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಅದರ ಜೊತೆಗೆ ವಕೀಲರು, ಮೇಷ್ಟ್ರುಗಳು, ನ್ಯಾಯಾಧೀಶರು ಹೀಗೆ ಒಂದು ವೃತ್ತಿಯಲ್ಲಿ ನೆಲೆ ಕಂಡವರು ಹಿಂದೆ ಉಳಿದವರತ್ತ ತಿರುಗಿ ನೋಡಿದ ಚರಿತ್ರೆಯೂ ಇದೆ. ಅಂಥ ಕೆಲವರನ್ನು ಇಲ್ಲಿ ನೆನೆಯುತ್ತೇನೆ. ಏಕೀಕರಣಕ್ಕೆ ಮುಂಚೆ ಕನ್ನಡ ನಾಡು ಹಂಚಿಹೋಗಿತ್ತು. ಮಂಗಳೂರು ಮದರಾಸು ಪ್ರಾಂತ್ಯದಲ್ಲಿ, ಧಾರವಾಡ ಮುಂಬೈ ಪ್ರಾಂತ್ಯದಲ್ಲಿ, ಬೆಂಗಳೂರು ಮೈಸೂರು ಸಂಸ್ಥಾನದಲ್ಲಿದ್ದವು. ಮೂರು ಕಡೆಯಿಂದಲೂ ಉದಾಹರಣೆ ಕೊಡುತ್ತೇನೆ.

ಮಂಗಳೂರಿನ ವಕೀಲರು

ಕುದ್ಮುಲ್ ರಂಗರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡು ಸೀಮೆಯ ಕುದ್ಮುಲ್‌ನಲ್ಲಿ, ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಹರೆಯದಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದರು. ಸಣ್ಣ ಸಂಬಳದ ಶಿಕ್ಷಕರಾಗಿ ದುಡಿಯುತ್ತ ಕಾನೂನು ಓದಿ ವಕೀಲರಾದರು. ಬಡವರ ವ್ಯಾಜ್ಯಗಳನ್ನು ಶುಲ್ಕವಿಲ್ಲದೆ ನಡೆಸಿಕೊಡುತ್ತಿದ್ದರು.

1892ರಲ್ಲಿ ಅವರು ಉರ್ವ ಚಿಲಿಂಬಿಯಲ್ಲಿ ಬಾಡಿಗೆ ಮನೆಯೊಂದನ್ನು ಹಿಡಿದು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಸುತ್ತಲಿನವರ ವಿರೋಧದಿಂದ ಜಾಗ ಬದಲಾಯಿಸಬೇಕಾಯಿತು, ಸ್ವಜಾತಿಯವರಿಂದ ಬಹಿಷ್ಕಾರ ಬಂತು. ಆದರೂ ಶಾಲೆಗಳು ಒಂದೊಂದಾಗಿ ಹೆಚ್ಚಿದವು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನೇ ಕಟ್ಟಿದರು.

ರಂಗರಾಯರು ಕೆಲಸ ಮಾಡಿದ ರೀತಿಯನ್ನು ನಾವು ಗಮನಿಸಬೇಕು. ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರುವುದಿಲ್ಲ ಎಂಬುದು ಅವರಿಗೆ ಬೇಗ ತಿಳಿಯಿತು. ಕೂಲಿಯ ಮನೆಯಲ್ಲಿ ಒಂದು ಮಗು ಶಾಲೆಗೆ ಹೋದರೆ ಆ ದಿನ ಒಂದು ಜೊತೆ ಕೈ ಕಡಿಮೆ. ಅದಕ್ಕಾಗಿ ಅವರು ಮಧ್ಯಾಹ್ನದ ಊಟ ಕೊಟ್ಟರು. ಮಗುವನ್ನು ಕಳಿಸಿದ ತಂದೆತಾಯಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು. ಇಂದು ನಮ್ಮ ಶಾಲೆಯಲ್ಲಿ ಬಿಸಿಯೂಟದ ಗಂಟೆ ಬಾರಿಸುವಾಗ ಮಂಗಳೂರಿನ ಆ ವಕೀಲರನ್ನು ನೆನೆಯುವುದು ಸಲ್ಲುತ್ತದೆ. ಅಕ್ಷರದ ಜೊತೆಗೆ ನೇಯ್ಗೆ, ಮರಗೆಲಸಗಳನ್ನೂ ಕಲಿಸುವ ಏರ್ಪಾಡು ಮಾಡಿದರು. ಓದಿದ ಹುಡುಗ ಮತ್ತೆ ಹಳೆಯ ಜೀತಕ್ಕೇ ಮರಳಬಾರದೆಂಬುದು ಅವರ ಕಾಳಜಿಯಾಗಿತ್ತು.

ಅವರ ಒಂದು ಆಸೆಯನ್ನು ಕರಾವಳಿಯವರು ಇಂದಿಗೂ ಹೇಳುತ್ತಾರೆ. ತಾನು ಓದಿಸಿದ ದಲಿತ ಮಕ್ಕಳು ಸರ್ಕಾರಿ ಹುದ್ದೆಗೇರಿ ಊರ ಬೀದಿಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬುದು ಆ ಆಸೆ. ರಂಗರಾಯರು 1928ರಲ್ಲಿ ತೀರಿಕೊಂಡರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಸೇವೆಯನ್ನು ತಮಗೆ ಮಾದರಿಯೆಂಬಂತೆ ಸ್ಮರಿಸಿದರು. ಮಂಗಳೂರಿನ ಪುರಭವನಕ್ಕೆ ಈಗ ಅವರದೇ ಹೆಸರಿದೆ.

ಧಾರವಾಡದ ವಸತಿನಿಲಯ

ಡಾ. ಬಿ. ಆರ್. ಅಂಬೇಡ್ಕರ್ 1907ರಲ್ಲಿ ಮೆಟ್ರಿಕ್ ಪಾಸಾದರು. ಅವರ ಮುಂದಿನ ದಾರಿಯಲ್ಲಿ ಒಬ್ಬ ಮೇಷ್ಟ್ರು ಇದ್ದರು. ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಆ ಶಿಕ್ಷಕರು ಹುಡುಗನಿಗೆ ತಾವು ಬರೆದ ಬುದ್ಧನ ಚರಿತ್ರೆಯನ್ನು ಉಡುಗೊರೆ ಕೊಟ್ಟರು, ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರಿಗೆ ಪರಿಚಯಿಸಿದರು. ಮಹಾರಾಜರಿಂದ ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ದೊರೆಯಿತು. ಬಿ.ಎ. ಮುಗಿಸಿ 1913ರಲ್ಲಿ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದೂ ಬರೋಡದ ನೆರವಿನಿಂದಲೇ.

ಬ್ಯಾರಿಸ್ಟರ್ ಆಗಿ ಮರಳಿದ ಅಂಬೇಡ್ಕರ್ ವಕೀಲಿಯ ಜೊತೆಜೊತೆಗೇ ಕೈಗೆತ್ತಿಕೊಂಡ ಕೆಲಸಗಳಲ್ಲಿ ವಿದ್ಯಾರ್ಥಿನಿಲಯ ಮುಖ್ಯವಾದದ್ದು. ಆ ಕಾಲದಲ್ಲಿ ಹೈಸ್ಕೂಲು ಇದ್ದದ್ದು ಪಟ್ಟಣಗಳಲ್ಲಿ. ಹಳ್ಳಿಯ ದಲಿತ ಹುಡುಗನಿಗೆ ಪಟ್ಟಣದಲ್ಲಿ ಬಾಡಿಗೆ ಕೋಣೆ ಕೊಡುವವರಿಲ್ಲ, ಖಾನಾವಳಿಯಲ್ಲಿ ಎಲೆ ಹಾಕುವವರಿಲ್ಲ. ಶಾಲೆಯ ಬಾಗಿಲು ಕಾನೂನಿನ ಪ್ರಕಾರ ತೆರೆದಿದ್ದರೂ ರಾತ್ರಿ ಮಲಗಲು ಸೂರಿಲ್ಲದೆ ಓದು ನಿಂತುಹೋಗುತ್ತಿತ್ತು. ಇದನ್ನು ಸ್ವಂತ ಅನುಭವದಿಂದ ಬಲ್ಲ ಅವರು ಮುಂಬೈ ಪ್ರಾಂತ್ಯದ ಹಲವೆಡೆ ವಸತಿನಿಲಯಗಳನ್ನು ತೆರೆಯಲು ಶ್ರಮಿಸಿದರು. ಅವುಗಳಲ್ಲೊಂದು 1920ರ ದಶಕದ ಕೊನೆಗೆ ನಮ್ಮ ಧಾರವಾಡದಲ್ಲಿ ಆರಂಭವಾಯಿತು. ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಪೇಟೆಯಲ್ಲಿ ಅದು ತಮ್ಮದೇ ಮನೆಯಾಯಿತು.

ಬೆಂಗಳೂರಿಗೆ ನಡೆದು ಹೋದ ಹುಡುಗ

ಡಾ. ಎಚ್. ನರಸಿಂಹಯ್ಯನವರ ಹೆಸರು ಕೇಳದ ಶಿಕ್ಷಕರು ಕರ್ನಾಟಕದಲ್ಲಿ ಕಡಿಮೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿದವರು ಅವರು. ಊರಿನಲ್ಲಿ ಓದಲು ಸಾಧ್ಯವಿದ್ದಷ್ಟು ಓದಿ ಮುಗಿಸಿದರು. ಮುಂದೆ ಹೈಸ್ಕೂಲಿರಲಿಲ್ಲ. ಅವರ ಮುಖ್ಯೋಪಾಧ್ಯಾಯರಾಗಿದ್ದ ಎಂ. ಎಸ್. ನಾರಾಯಣರಾಯರು ಆಗ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನಲ್ಲಿದ್ದರು. ಊರಲ್ಲಿ ಉಳಿದುಹೋದ ಶಿಷ್ಯನನ್ನು ಅವರು ಮರೆಯಲಿಲ್ಲ, ಬಂದು ಸೇರಿಕೋ ಎಂದು ತಿಳಿಸಿದರು. 1935ರಲ್ಲಿ ಹುಡುಗ ಎರಡು ದಿನ ನಡೆದು ಬೆಂಗಳೂರು ಸೇರಿದ. ಬಸ್ಸಿಗೆ ಕೊಡಲು ಹಣವಿರಲಿಲ್ಲ. ಬಡ ವಿದ್ಯಾರ್ಥಿಗಳ ವಸತಿಗೃಹದಲ್ಲಿ ಅನ್ನ, ಆಶ್ರಯ ಸಿಕ್ಕವು.

ಆ ಹುಡುಗ ಭೌತಶಾಸ್ತ್ರ ಓದಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕನಾದ, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ, ಪ್ರಾಂಶುಪಾಲನಾದ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ. ಮದುವೆಯಾಗದೆ, ಕೊನೆಯವರೆಗೂ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬಾಳಿದರು. ಗೌರಿಬಿದನೂರು, ಬಾಗೇಪಲ್ಲಿಯಂಥ ಹಿಂದುಳಿದ ತಾಲ್ಲೂಕುಗಳಲ್ಲಿ ವಿದ್ಯಾಸಂಸ್ಥೆಗಳು ತಲೆಯೆತ್ತಲು ದುಡಿದರು. ತಾವು ಎರಡು ದಿನ ನಡೆದ ದಾರಿಯನ್ನು ಮುಂದಿನ ಮಕ್ಕಳು ನಡೆಯಬೇಕಾಗದಂತೆ ಕಾಲೇಜನ್ನೇ ಅವರೂರಿನ ಹತ್ತಿರಕ್ಕೆ ತಂದರು. ಈ ಇಡೀ ಕತೆ ಶುರುವಾದದ್ದು ಒಬ್ಬ ಮೇಷ್ಟ್ರು ಕಳಿಸಿದ ಕರೆಯಿಂದ.

ನಿಯಮವನ್ನೇ ಬದಲಿಸಿದವರು

ಒಬ್ಬ ಮೇಷ್ಟ್ರು ಒಬ್ಬ ಶಿಷ್ಯನನ್ನು ಮೇಲೆತ್ತಬಹುದು. ಸಾವಿರಾರು ಮಕ್ಕಳಿಗೆ ದಾರಿಯಾಗಬೇಕಾದರೆ ನಿಯಮ ಬೇಕು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಬ್ರಾಹ್ಮಣೇತರ ಸಮುದಾಯಗಳಿಗೆ ಸಿಗಬೇಕೆಂದು ಸಮಿತಿ ಹೇಳಿತು. ಹುದ್ದೆಗಳನ್ನು ಹೀಗೆ ಹಂಚುವುದನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರೂ ಹಿಂದುಳಿದವರಿಗೆ ವಿದ್ಯಾರ್ಥಿವೇತನ ಬೇಕೆಂಬುದನ್ನು ಒಪ್ಪಿದ್ದರು. ಮನೆಪಾಠ ಹೇಳಿ ಸೆಂಟ್ರಲ್ ಕಾಲೇಜಿನ ಓದು ಮುಗಿಸಿದ್ದ ಅವರಿಗೆ ಬಡ ವಿದ್ಯಾರ್ಥಿಯ ಕಷ್ಟ ಹೊಸದಲ್ಲ.

ನಮ್ಮ ಶಾಲೆ ಹುಟ್ಟಿದ ಆಸುಪಾಸಿನಲ್ಲಿ ಇನ್ನೊಬ್ಬ ವಕೀಲರು ಈ ಕೆಲಸವನ್ನು ಮುಂದುವರಿಸಿದರು. ರಾಣೆಬೆನ್ನೂರಿನ ಎಲ್. ಜಿ. ಹಾವನೂರರನ್ನು ದೇವರಾಜ ಅರಸು ಸರ್ಕಾರ 1972ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರನ್ನಾಗಿ ನೇಮಿಸಿತು. 1975ರ ನವೆಂಬರಿನಲ್ಲಿ ವರದಿ ಬಂತು. ಪ್ರೌಢಶಾಲೆಯವರಾದ ನಾವು ಈ ವರದಿಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಒಂದು ಜಾತಿ ಶಿಕ್ಷಣದಲ್ಲಿ ಹಿಂದುಳಿದಿದೆಯೇ ಎಂದು ಅಳೆಯಲು ಹಾವನೂರರು ಆರಿಸಿಕೊಂಡ ಅಳತೆಗೋಲು ಎಸ್ಸೆಸ್ಸೆಲ್ಸಿ! 1972ರ ಪರೀಕ್ಷೆಯಲ್ಲಿ ಪ್ರತಿ ಸಾವಿರ ಜನಸಂಖ್ಯೆಗೆ ಎಷ್ಟು ಮಂದಿ ಪಾಸಾದರು ಎಂದು ಲೆಕ್ಕ ಹಾಕಿದರು. ರಾಜ್ಯದ ಸರಾಸರಿ 1.69. ಅಂದರೆ ಸಾವಿರ ಜನಕ್ಕೆ ಪೂರ್ತಿ ಇಬ್ಬರೂ ಇಲ್ಲ. ಎಷ್ಟೋ ಜಾತಿಗಳು ಈ ಸರಾಸರಿಯ ಅರ್ಧವನ್ನೂ ಮುಟ್ಟಿರಲಿಲ್ಲ. ವರದಿಗೆ ವಿರೋಧ ಬಂತು, 1977ರ ಮೀಸಲಾತಿ ಆದೇಶ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಆದರೆ ಅಲ್ಲಿಯವರೆಗೆ ಲೆಕ್ಕಕ್ಕೇ ಸಿಗದಿದ್ದ ಜನ ಅಂಕಿಸಂಖ್ಯೆಗಳಲ್ಲಿ ಎದ್ದು ನಿಂತರು.

ನಮ್ಮ ಸರದಿ

ಹೆಬ್ಬೆಟ್ಟು ಒತ್ತುವ ತಂದೆಯ ಮಗ ನಾನು. ಹತ್ತನೆಯ ತರಗತಿ ಮುಗಿದಾಗ ಪಿಯುಸಿ ಅರ್ಜಿಯನ್ನು ಕೂರಿಸಿಕೊಂಡು ತುಂಬಿಸಿದವರು ಇದೇ ಶಾಲೆಯ ನಮ್ಮ ಹೆಡ್‌ಮೇಷ್ಟ್ರು. ಊಟ ಹಾಕಿದ್ದು ಸರ್ಕಾರದ ಬಿಸಿಎಂ ಹಾಸ್ಟೆಲ್ಲು. ಮೇಲೆ ಹೇಳಿದ ಅನ್ನ, ಸೂರು, ಪರಿಚಯ, ನಿಯಮ ನಾಲ್ಕೂ ನನ್ನ ಪಾಲಿಗೆ ಬಂದಿದ್ದವು. ಈ ಸಂಚಿಕೆ ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರ ಕತೆ ಹೀಗೆಯೇ ಇದ್ದೀತು.

ಇಂದು ಊರಿಗೊಂದು ಶಾಲೆಯಿದೆ, ಹಾಸ್ಟೆಲ್ಲಿದೆ, ವಿದ್ಯಾರ್ಥಿವೇತನವಿದೆ. ಆದರೂ ನಮ್ಮೂರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಒಳ್ಳೆಯ ಅಂಕ ಪಡೆದ ಮೇಲೂ ಹತ್ತಕ್ಕೇ ನಿಲ್ಲುವುದನ್ನು ನೋಡುತ್ತಿದ್ದೇನೆ. ಕಾರಣಗಳು ಕೇಳಲು ಸಣ್ಣವು. ನಾಡಕಚೇರಿಯ ಜಾತಿ ಆದಾಯ ಪತ್ರದ ಅವಧಿ ಮುಗಿದಿತ್ತು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿಲ್ಲ. ಹಾಸ್ಟೆಲ್ ಅರ್ಜಿಯ ಕೊನೆಯ ದಿನ ಯಾವಾಗ ಕಳೆಯಿತೋ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಡಿಪ್ಲೊಮಾ, ಐಟಿಐ, ಪಿಯುಸಿಗಳಲ್ಲಿ ಯಾವುದು ತಕ್ಕದ್ದೆಂದು ಹೇಳುವವರಿರಲಿಲ್ಲ. ಓದಿದವರ ಮನೆಯಲ್ಲಿ ಅಣ್ಣನೋ ಚಿಕ್ಕಪ್ಪನೋ ಅರ್ಧ ಗಂಟೆಯಲ್ಲಿ ಬಗೆಹರಿಸುವ ಈ ವಿಷಯಗಳಿಗೆ ಇಲ್ಲಿ ಒಂದು ಮಗುವಿನ ಭವಿಷ್ಯ ಬಲಿಯಾಗುತ್ತದೆ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟೋಣ, ಸಂತೋಷ. ಅದರ ಜೊತೆಗೆ ನಮ್ಮಲ್ಲಿ ನೌಕರಿ, ವೃತ್ತಿ ಹಿಡಿದಿರುವ ಒಬ್ಬೊಬ್ಬರೂ ಹತ್ತನೆಯ ತರಗತಿಯ ಒಂದೊಂದು ಮಗುವಿನ ಹೊಣೆ ಹೊರೋಣ. ಜನವರಿಯಲ್ಲಿ ಮನೆಗೆ ಹೋಗಿ ತಂದೆತಾಯಿಯರ ಜೊತೆ ಮಾತಾಡಿ ಕಾಗದಪತ್ರ ಸರಿಯಿದೆಯೇ ನೋಡುವುದು, ಫಲಿತಾಂಶ ಬಂದ ವಾರ ಅರ್ಜಿ ಹಾಕಿಸುವುದು, ಕಾಲೇಜಿನ ಮೊದಲ ದಿನ ಜೊತೆಗೆ ಹೋಗಿ ಬರುವುದು, ಎರಡು ವರ್ಷ ಫೋನು ಮಾಡುತ್ತಿರುವುದು. ಯಾರಿಗೆ ಯಾವ ಮಗು ಎಂಬ ಪಟ್ಟಿಯನ್ನು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿಡಲು ಗುರುಗಳು ಒಪ್ಪಿದರೆ, ಅದರಲ್ಲಿ ಮೊದಲ ಹೆಸರಾಗಿ ನನ್ನದನ್ನು ಬರೆದುಕೊಳ್ಳಬೇಕೆಂದು ಕೋರುತ್ತೇನೆ.