ಗುರುತ್ವಾಕರ್ಷಣವೂ ಆಹಾರದ ಬ್ಯಾಕ್ಟೀರಿಯಗಳೂ: ಒಂದು ಐತಿಹಾಸಿಕ ವಿಚಾರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮನೆಗಳಲ್ಲಿ ಹಲಸಿನ ಸೊಳೆಯನ್ನು ಉಪ್ಪಿನೊಡನೆ ಭರಣಿಯಲ್ಲಿ ತುಂಬಿ ಮಳೆಗಾಲಕ್ಕೆಂದು ಇರಿಸುವ ರೂಢಿ ಬಹುಕಾಲದ್ದು. ಆಹಾರವನ್ನು ಕೆಡದಂತೆ ಕಾಪಾಡಲು ಮನುಷ್ಯನು ಉಪ್ಪು, ಹುಳಿ, ಬಿಸಿಲು, ಹೊಗೆ ಇವುಗಳನ್ನು ಹೆಚ್ಚಿಸಿ ತಗ್ಗಿಸಿ ನೋಡಿದ್ದಾನೆ. ಅವನ ಕೈಗೆ ಸಿಕ್ಕದೆ ಉಳಿದಿದ್ದ ಸ್ಥಿತಿಯೆಂದರೆ ಭೂಮಿಯ ಸೆಳೆತ. ಅದು ಇಲ್ಲವಾದಲ್ಲಿ ಆಹಾರದ ಮೂಲಕ ರೋಗವನ್ನು ತರುವ ಬ್ಯಾಕ್ಟೀರಿಯಗಳ ನಡವಳಿಕೆ ಏನಾದೀತೆಂಬ ಪ್ರಶ್ನೆಯ ಇತಿಹಾಸವನ್ನು ನಾವು ಇಲ್ಲಿ ಸಂಕ್ಷೇಪವಾಗಿ ವಿಚಾರಿಸಲು ಯತ್ನಿಸಿದ್ದೇವೆ.

ಇದರ ಮೂಲವಿರುವುದು ಸಸ್ಯಶಾಸ್ತ್ರದಲ್ಲಿ. 1806ರಲ್ಲಿ ಇಂಗ್ಲೆಂಡಿನ ಥಾಮಸ್ ನೈಟನು ನೀರಿನ ಬಲದಿಂದ ತಿರುಗುವ ಚಕ್ರಕ್ಕೆ ಬೀಜಗಳನ್ನು ಕಟ್ಟಿ ಮೊಳೆಯಿಸಿದಾಗ ಬೇರು ಹೊರಮುಖವಾಗಿಯೂ ಚಿಗುರು ಚಕ್ರದ ನಡುವಿನ ಕಡೆಗೂ ಬೆಳೆದವು. ಸುಮಾರು ಎಪ್ಪತ್ತು ವರ್ಷಗಳ ತರುವಾಯ ಜರ್ಮನಿಯ ಯೂಲಿಯುಸ್ ಸಾಕ್ಸನು, ಗಿಡವನ್ನು ಮೆಲ್ಲನೆ ತಿರುಗಿಸುತ್ತ 'ಕೆಳಗು' ಎಂಬ ದಿಕ್ಕೇ ಅದಕ್ಕೆ ತೋರದಂತೆ ಮಾಡುವ ಕ್ಲೈನೋಸ್ಟಾಟ್ ಯಂತ್ರವನ್ನು ಬಳಕೆಗೆ ತಂದನು. ಕಳೆದ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಹ್ಯೂಸ್ಟನ್ ಕೇಂದ್ರದಲ್ಲಿ ರೂಪುಗೊಂಡ ತಿರುಗುಪಾತ್ರೆ ಇದೇ ವಂಶದ್ದು. ಗುಳ್ಳೆಯೊಂದೂ ಇಲ್ಲದಂತೆ ದ್ರವವನ್ನು ತುಂಬಿದ ಪಾತ್ರೆಯನ್ನು ಅಡ್ಡ ಅಚ್ಚಿನ ಮೇಲೆ ತಿರುಗಿಸಿದರೆ ಒಳಗಿನ ಜೀವಕಣಗಳು ತಳಕ್ಕೆ ಇಳಿಯದೆ ತೇಲುತ್ತಲೇ ಇರುತ್ತವೆ. ದ್ರವವು ಅವುಗಳನ್ನು ಉಜ್ಜುವುದೂ ಬಹಳ ತಗ್ಗುತ್ತದೆ. ಗುರುತ್ವವೇ ಇಲ್ಲಿ ಇಲ್ಲವಾಗುವುದಿಲ್ಲವೆಂಬುದನ್ನು 'ಕೃತಕ ತೂಕರಾಹಿತ್ಯ' ಎಂಬ ಹೆಸರು ಮರೆಸುವ ಸಂಭವವುಂಟು.

ಈ ಪಾತ್ರೆಯಲ್ಲಿ ಬೆಳೆಸಿದ ಸಾಲ್ಮೊನೆಲ್ಲ ಬ್ಯಾಕ್ಟೀರಿಯವು ಇಲಿಗಳನ್ನು ಹೆಚ್ಚು ಬೇಗ ಕೊಲ್ಲುವುದೆಂದು ಶೆರಿಲ್ ನಿಕರ್ಸನ್ ಅವರೂ ಅವರ ಸಹೋದ್ಯೋಗಿಗಳೂ 2000ದಲ್ಲಿ ಪ್ರಕಟಿಸಿದರು. ಆಮ್ಲವನ್ನೂ ಶಾಖವನ್ನೂ ತಾಳುವ ಶಕ್ತಿ ಅದಕ್ಕೆ ಹೆಚ್ಚಿತ್ತೆಂದು ಎರಡು ವರ್ಷಗಳಲ್ಲಿ ತಿಳಿದುಬಂದಿತು. ಹುಳಿ ಮತ್ತು ಬೆಂಕಿಗಳನ್ನೇ ನೆಚ್ಚಿದ ಪಾಕಶಾಸ್ತ್ರಕ್ಕೆ ಇದು ಉಪೇಕ್ಷಿಸುವಂಥ ಸಂಗತಿಯಲ್ಲ. 2006ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಿಸ್ ನೌಕೆಯಲ್ಲಿ ಅದೇ ಬ್ಯಾಕ್ಟೀರಿಯವನ್ನು ನಿಜವಾದ ಅಂತರಿಕ್ಷದಲ್ಲಿ ಬೆಳೆಸಲಾಯಿತು. ಮರುವರ್ಷ ಹೊರಬಂದ ವರದಿಯಂತೆ 167 ಜೀನುಗಳ ಚಟುವಟಿಕೆಯೂ 73 ಪ್ರೋಟೀನುಗಳ ಪ್ರಮಾಣವೂ ಬದಲಾಗಿ, ರೋಗಕಾರಕ ಶಕ್ತಿ ಹೆಚ್ಚಿತ್ತು. 2008ರ ಹಾರಾಟದಲ್ಲಿ, ಬೆಳೆಸುವ ದ್ರವಕ್ಕೆ ಫಾಸ್ಫೇಟ್ ಮೊದಲಾದ ಲವಣಗಳನ್ನು ಕೂಡಿಸಿದಾಗ ಈ ಉಗ್ರತೆ ತಗ್ಗಿತು. (ಇದರಿಂದ ನಮ್ಮ ಉಪ್ಪಿನ ಭರಣಿಯ ಮಹಿಮೆ ಸಿದ್ಧವಾಯಿತೆಂದು ಯಾರೂ ಹಿಗ್ಗಬೇಕಾಗಿಲ್ಲ, ಲವಣವೂ ಬೇರೆ, ಕಾರ್ಯವೂ ಬೇರೆ.) ಎಲ್ಲ ಬ್ಯಾಕ್ಟೀರಿಯಗಳೂ ಹೀಗೆಯೇ ಎನ್ನಲಾಗದು. ಅನ್ನವನ್ನು ವಿಷವಾಗಿಸಬಲ್ಲ ಸ್ಟೆಫಿಲೊಕಾಕಸ್ ಔರಿಯಸ್ ಇಂಥ ಪಾತ್ರೆಯಲ್ಲಿ ಸೌಮ್ಯವಾದುದನ್ನು 2011ರ ಅಧ್ಯಯನವೊಂದು ತೋರಿಸಿತು.

ಬ್ಯಾಕ್ಟೀರಿಯವು ಗುರುತ್ವವನ್ನು 'ಅರಿಯುವುದು' ಹೇಗೆ? ಅದು ಅರಿಯುವುದು ಸುತ್ತಲಿನ ದ್ರವದ ನಿಶ್ಚಲತೆಯನ್ನು ಎಂಬ ವಾದ ನಮಗೆ ಹೆಚ್ಚು ಯುಕ್ತವಾಗಿ ಕಾಣುತ್ತದೆ. ಮನುಷ್ಯನ ಕರುಳಿನ ಸೂಕ್ಷ್ಮ ಮಡಿಕೆಗಳ ನಡುವೆಯೂ ಅಂಥದೇ ನಿಶ್ಚಲತೆ ಇದೆ. ಆದುದರಿಂದ ಈ ಸಂಶೋಧನೆಯ ಪ್ರಯೋಜನ ಗಗನಯಾತ್ರಿಗಳಿಗಷ್ಟೇ ಸೀಮಿತವಲ್ಲ.

1984ರಲ್ಲಿ ರಾಕೇಶ್ ಶರ್ಮಾ ಅವರಿಗೆ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯವು ಸಿದ್ಧಪಡಿಸಿ ಕೊಟ್ಟುದು ಸಂಸ್ಕರಿಸಿದ ಆಹಾರ. ಅಲ್ಲಿಯೇ ಬೆಳೆದು ಹಸಿಯಾಗಿ ತಿನ್ನುವ ಆಹಾರದ ಸಮಸ್ಯೆ ಬೇರೆ. ತುಳುವರು ಪದೆಂಗಿ ಎನ್ನುವ ಹೆಸರುಕಾಳಿನ ಮೊಳಕೆಯನ್ನು ನಮ್ಮಲ್ಲಿ ಬೇಯಿಸಿ ಪದಾರ್ಥ ಮಾಡುವುದುಂಟು. ಬೇಯಿಸದ ಮೊಳಕೆಗೆ ಬೆಂಕಿಯ ಕಾವಲಿಲ್ಲ. ಮೊಳೆಯಲು ಬೇಕಾದ ತೇವವೂ ಬೆಚ್ಚನೆಯೂ ಬ್ಯಾಕ್ಟೀರಿಯಕ್ಕೂ ಹಿತವೇ. 2011ರಲ್ಲಿ ಜರ್ಮನಿಯಲ್ಲಿ ಮೊಳಕೆ ತಿಂದವರಿಗೆ ಇ. ಕೋಲಿ ಸೋಂಕು ತಗಲಿ 50ಕ್ಕೂ ಹೆಚ್ಚು ಮಂದಿ ಮೃತರಾದರು. ಹೊರಗಿನಿಂದ ಬಂದ ಮೆಂತೆಯ ಬೀಜವೇ ಅದಕ್ಕೆ ಮೂಲವಾಗಿರಬೇಕೆಂದು ತನಿಖೆಯಿಂದ ಕಂಡುಬಂದಿತು.

ಅದೇ ಮೆಂತೆ ಹೆಸರುಕಾಳಿನೊಡನೆ 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಅವರ ಜೊತೆ ಅಂತರಿಕ್ಷಕ್ಕೆ ಹೋಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ್ ಹೊಸಮನಿ ಮತ್ತು ಧಾರವಾಡ ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ ಅವರು ಈ ಪ್ರಯೋಗದ ಪ್ರವರ್ತಕರು. ನಿಲ್ದಾಣದಲ್ಲಿ ಮೊಳೆತ ಕಾಳುಗಳನ್ನು ಶೀತಪೆಟ್ಟಿಗೆಯಲ್ಲಿ ಇರಿಸಲಾಯಿತು. ಹಿಂದಿರುಗಿದ ಬೆಳೆಯನ್ನು ಹಲವು ತಲೆಮಾರು ಬೆಳೆಸಿ, ಅನುವಂಶಿಕ ಗುಣ ಮತ್ತು ಪೋಷಕಾಂಶಗಳೊಡನೆ ಅದರ ಸೂಕ್ಷ್ಮಾಣುಜೀವಿಗಳ ಸಮೂಹವನ್ನೂ ಪರೀಕ್ಷಿಸುವುದು ಯೋಜನೆಯ ಉದ್ದೇಶಗಳಲ್ಲಿ ಸೇರಿದೆ.