ಮೊದಲ ಸಂಬಳದ ಚರಿತ್ರೆ: ಅಂಚೆಟ್ಟಿಯಿಂದ ಹೊಸೂರಿನವರೆಗೆ

ಪ್ರತಿ ವರ್ಷ ಹತ್ತನೆಯ ತರಗತಿ ಮತ್ತು ಪ್ಲಸ್ ಟು ಫಲಿತಾಂಶ ಬಂದ ಮೇಲೆ ನಮ್ಮ ಕಡೆಯ ತಂದೆತಾಯಿಯರು ಶಾಲೆಗೆ ಬಂದು ಕೇಳುವ ಪ್ರಶ್ನೆ ಒಂದೇ. "ಮೇಷ್ಟ್ರೇ, ನಮ್ಮ ಹುಡುಗನಿಗೆ ಹೊಸೂರಲ್ಲಿ ಕಂಪನಿ ಕೆಲಸ ಸಿಗುತ್ತಾ? ಎಷ್ಟು ಕೊಡ್ತಾರೆ?" ಮೊದಲನೆಯದಕ್ಕೆ ಹೇಗೋ ಉತ್ತರ ಹೇಳುತ್ತೇವೆ. ಎರಡನೆಯದಕ್ಕೆ ಉತ್ತರ ಹೇಳಲು ನಾವೂ ಬಹಳ ದಿನ ತಡವರಿಸಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಓದಿದ ಹುಡುಗಿಯೊಬ್ಬಳು ಒಂದು ಸಣ್ಣ ಕಂಪನಿಗೆ ಸೇರಿದಳು. ಮೊದಲ ತಿಂಗಳು ಮುಗಿಸಿ ಊರಿಗೆ ಬಂದವಳು ಅಳುಮುಖ ಮಾಡಿಕೊಂಡು ಬಂದು ನಿಂತಳು. "ಸಾರ್, ಹದಿನೈದೂವರೆ ಸಾವಿರ ಅಂತ ಹೇಳಿದ್ರು. ಬ್ಯಾಂಕಿಗೆ ಬಂದಿದ್ದು ಹನ್ನೆರಡು ಸಾವಿರ ಚಿಲ್ಲರೆ. ಉಳಿದ ದುಡ್ಡು ನಾನು ಬಚ್ಚಿಟ್ಟಿದ್ದೀನಿ ಅಂತ ಅಪ್ಪ ಜಗಳ ಆಡ್ತಾರೆ." ಮೂರು ಸಾವಿರ ರೂಪಾಯಿಯ ಲೆಕ್ಕ ತಿಳಿಯದೆ ಒಂದು ಮನೆಯಲ್ಲಿ ನಂಬಿಕೆಯೇ ಮುರಿಯುವ ಸ್ಥಿತಿ ಬಂದಿತ್ತು. ಸಂಬಳ ಎಂದರೇನು, ಅದನ್ನು ಯಾರು ಯಾವ ಲೆಕ್ಕದಲ್ಲಿ ಗೊತ್ತುಮಾಡಿದರು ಎಂಬುದನ್ನು ನಾವು ಮಕ್ಕಳಿಗೆ ಹೇಳಿಕೊಟ್ಟಿರಲಿಲ್ಲ. ಆ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಕೂಲಿಯಿಂದ ಸಂಬಳಕ್ಕೆ

ಅಂಚೆಟ್ಟಿ, ಡೆಂಕಣಿಕೋಟೆ, ತಳಿ, ಹೊಸೂರು ಈ ಭಾಗವೆಲ್ಲ ಹಿಂದೆ ಮದ್ರಾಸ್ ಪ್ರಾಂತದ ಸೇಲಂ ಜಿಲ್ಲೆಗೆ ಸೇರಿತ್ತು. 1956ರ ಭಾಷಾವಾರು ವಿಂಗಡಣೆಯಲ್ಲಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಜಿಲ್ಲೆಯ ಹೆಸರು ಬದಲಾದರೂ ಜನರ ಬದುಕು ಬಹುಕಾಲ ರಾಗಿ, ಹುರುಳಿ, ದನಕರು, ಕಾಡಿನ ಉತ್ಪನ್ನ ಇವುಗಳ ಮೇಲೆಯೇ ನಿಂತಿತ್ತು. ಆಳಿಗೆ ಕೊಡುತ್ತಿದ್ದದ್ದು ಕೂಲಿ, ಅದೂ ಎಷ್ಟೋ ಕಡೆ ಕಾಳಿನ ರೂಪದಲ್ಲಿ. ಮಳೆ ಬಂದರೆ ಕೂಲಿ, ಇಲ್ಲವಾದರೆ ಇಲ್ಲ. ತಿಂಗಳಿಗೊಮ್ಮೆ ನಿಗದಿಯಾಗಿ ಕೈಗೆ ಬರುವ ದುಡ್ಡು ಎಂದರೆ ಮೇಷ್ಟ್ರು, ಅಂಚೆಯವರು, ಫಾರೆಸ್ಟ್ ಗಾರ್ಡ್, ಪೊಲೀಸ್ ಇಂಥ ಕೆಲವರಿಗೆ ಮಾತ್ರ. ಆದ್ದರಿಂದಲೇ ನಮ್ಮ ಹಿರಿಯರ ಬಾಯಲ್ಲಿ 'ಸಂಬಳದ ಕೆಲಸ' ಎಂದರೆ ಸರಕಾರಿ ಕೆಲಸ ಎಂದೇ ಅರ್ಥ.

ಆ ಸರಕಾರಿ ಸಂಬಳದ ಆರಂಭ ಎಷ್ಟಿರಬೇಕೆಂದು ದೇಶದ ಮಟ್ಟದಲ್ಲಿ ಲೆಕ್ಕ ಹಾಕಿದ್ದು ಕೇಂದ್ರ ವೇತನ ಆಯೋಗಗಳು. 1946ರಲ್ಲಿ ನೇಮಕವಾದ ಮೊದಲ ಆಯೋಗ ಅತಿ ಕೆಳದರ್ಜೆಯ ನೌಕರನಿಗೆ ತಿಂಗಳಿಗೆ 55 ರೂಪಾಯಿ ಎಂದಿತು. ಅದರಲ್ಲಿ 30 ರೂಪಾಯಿ ಮೂಲವೇತನ, 25 ರೂಪಾಯಿ ತುಟ್ಟಿಭತ್ಯೆ. ಯುದ್ಧದ ಕಾಲದಲ್ಲಿ ಸಾಮಾನಿನ ಬೆಲೆ ಏರಿದ್ದರಿಂದ ಸಂಬಳ ಹೀಗೆ ಎರಡು ತುಂಡಾಯಿತು. ಇಂದಿಗೂ ಸಂಬಳದ ಚೀಟಿಯಲ್ಲಿ ಬೇಸಿಕ್, ಡಿಎ ಎಂದು ಬೇರೆ ಬೇರೆ ಬರೆಯುವುದರ ಹಿಂದೆ ಈ ಕಥೆ ಇದೆ. ಎರಡನೆಯ ಆಯೋಗದಲ್ಲಿ ಈ ಕನಿಷ್ಠ 80 ರೂಪಾಯಿ ಆಯಿತು. 1973ರಲ್ಲಿ 196, 1986ರಲ್ಲಿ 750, 1996ರಲ್ಲಿ 2,550, 2006ರಲ್ಲಿ 7,000, 2016ರಲ್ಲಿ 18,000 ರೂಪಾಯಿ. ಅಜ್ಜನ 55 ರೂಪಾಯಿಯನ್ನೂ ಮೊಮ್ಮಗನ 18,000ವನ್ನೂ ಪಕ್ಕಪಕ್ಕದಲ್ಲಿಟ್ಟು 'ಎಷ್ಟು ಏರಿತು' ಎಂದು ಬೆರಗಾಗುವುದು ಸರಿಯಲ್ಲ. ಆ ದುಡ್ಡಿಗೆ ಮನೆಗೆ ಏನೇನು ಬಂತು ಎಂದು ಕೇಳಬೇಕು.

ಕೂನೂರಿನಿಂದ ಬಂದ ಲೆಕ್ಕ

ಹಾಗೆ ಕೇಳಿದವರು ನಮ್ಮ ರಾಜ್ಯದಲ್ಲೇ ಇದ್ದರು. ನೀಲಗಿರಿಯ ಕೂನೂರಿನಲ್ಲಿ ಪೌಷ್ಟಿಕ ಆಹಾರ ಸಂಶೋಧನೆಯ ಪ್ರಯೋಗಾಲಯವೊಂದಿತ್ತು. ಅದರ ನಿರ್ದೇಶಕರಾಗಿದ್ದ ಡಾ. ಆಕ್ರಾಯ್ಡ್ ಎಂಬುವರು ದುಡಿಯುವ ಮನುಷ್ಯನಿಗೆ ದಿನಕ್ಕೆ ಎಷ್ಟು ಆಹಾರ ಬೇಕೆಂದು ಲೆಕ್ಕ ಕೊಟ್ಟರು. 1948ರಲ್ಲಿ ಕನಿಷ್ಠ ವೇತನ ಕಾಯ್ದೆ ಬಂದಿತ್ತು. ಆದರೆ 'ಕನಿಷ್ಠ' ಎಂದರೆ ಎಷ್ಟು? 1957ರಲ್ಲಿ ನಡೆದ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಆಕ್ರಾಯ್ಡ್ ಲೆಕ್ಕವನ್ನು ಆಧಾರ ಮಾಡಿಕೊಂಡು ಇದಕ್ಕೆ ಉತ್ತರ ಕೊಟ್ಟಿತು. ದುಡಿಯುವವನ ಕುಟುಂಬವನ್ನು ಮೂರು ಪಾಲು ಎಂದು ಎಣಿಸಬೇಕು. ಒಂದು ಪಾಲಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ನಾಲ್ಕು ಜನರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆಬಾಡಿಗೆ, ಇವುಗಳ ಮೇಲೆ ಸೌದೆ, ದೀಪ ಮುಂತಾದ ಖರ್ಚಿಗೆ ಶೇ. 20.

ಇದರಲ್ಲಿ ಮಕ್ಕಳ ಓದಿಗೆ, ಔಷಧಿಗೆ, ಹಬ್ಬಕ್ಕೆ, ಮದುವೆಗೆ, ಮುಪ್ಪಿಗೆ ಏನೂ ಇರಲಿಲ್ಲ. 1991ರಲ್ಲಿ ರೆಪ್ಟಕೋಸ್ ಬ್ರೆಟ್ ಕಂಪನಿಯ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇವುಗಳಿಗಾಗಿ ಇನ್ನೂ ಶೇ. 25 ಸೇರಬೇಕೆಂದು ಹೇಳಿತು. ಏಳನೆಯ ವೇತನ ಆಯೋಗ 18,000 ರೂಪಾಯಿ ಎಂದದ್ದು ಕೂಡ ಈ ದಾರಿಯಲ್ಲೇ ಲೆಕ್ಕ ಹಾಕಿ.

ಹೊಸೂರಿಗೆ ಕಂಪನಿ ಬಂದ ಕಾಲ

ಬಹುಕಾಲ ನಮ್ಮವರ ಕಣ್ಣು ಬೆಂಗಳೂರಿನ ಮೇಲಿತ್ತು. ಅಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ, 1953ರಲ್ಲಿ ಎಚ್‌ಎಂಟಿ ಬಂದವು. ತಮಿಳುನಾಡು ಸರಕಾರ 1971ರಲ್ಲಿ ಸಿಪ್ಕಾಟ್ ಸಂಸ್ಥೆಯನ್ನು ಆರಂಭಿಸಿ, ಬೆಂಗಳೂರಿಗೆ ಹತ್ತಿರವಿರುವ ಹೊಸೂರಿನಲ್ಲಿ ಕೈಗಾರಿಕಾ ಪ್ರದೇಶ ಮಾಡಿತು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಲಾರಿ ಕಾರ್ಖಾನೆ ಬಂತು. ಅದೇ ವರ್ಷ ಟಿವಿಎಸ್ 50 ಮೊಪೆಡ್ ಹೊಸೂರಿನಿಂದ ಹೊರಬಂತು. 1984ರಲ್ಲಿ ಟಾಟಾ ಸಂಸ್ಥೆ ಮತ್ತು ತಮಿಳುನಾಡು ಸರಕಾರದ ಟಿಡ್ಕೊ ಸೇರಿ ಟೈಟನ್ ಗಡಿಯಾರ ಕಂಪನಿ ಕಟ್ಟಿದವು.

ಟೈಟನ್ ಆಳುಗಳನ್ನು ಆರಿಸಿದ ರೀತಿ ನಮ್ಮ ಶಾಲೆಗಳವರು ತಿಳಿಯಬೇಕಾದ್ದು. ಹಳೆಯ ಅನುಭವಿಗಳನ್ನು ಹುಡುಕುವ ಬದಲು ಹಳ್ಳಿ, ಸಣ್ಣ ಊರುಗಳಲ್ಲಿ ಆಗಷ್ಟೇ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಆರಿಸಿ, ಗಡಿಯಾರ ಜೋಡಿಸುವ ಕೆಲಸ ಕಲಿಸಿದರು. ಮನೆ ಬಿಟ್ಟು ಬಂದ ಎಳೆಯರನ್ನು ನೋಡಿಕೊಳ್ಳಲು ಹಿರಿಯರನ್ನೂ ಗೊತ್ತುಮಾಡಿದ್ದರು. ಅಲ್ಲಿ ಬೇಕಾದದ್ದು ಚುರುಕು ಕಣ್ಣು, ನಡುಗದ ಕೈ ಮತ್ತು ಕಲಿಯುವ ಮನಸ್ಸು. ಮನೆಮಾತು ತಮಿಳೋ ತೆಲುಗೋ ಕನ್ನಡವೋ ಎಂಬುದು ಕೈಯ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ. ಹೀಗೆ ಸೇರಿದವರಿಗೆ ಮೊದಲ ತಿಂಗಳ ದುಡ್ಡಿನ ಜೊತೆಗೆ ಒಂದು ಕಸುಬು ಸಿಕ್ಕಿತು.

ಕಂಪನಿ ಶಾಶ್ವತವೆಂದು ಮಾತ್ರ ತಿಳಿಯಬಾರದು. ಗಡಿಯಾರಕ್ಕೆ ಹೆಸರಾಗಿದ್ದ ಎಚ್‌ಎಂಟಿ 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ತೆರೆದಿತ್ತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ತೀರ್ಮಾನಿಸಿತು. ಕಂಪನಿ ಮುಚ್ಚಬಹುದು, ಕೈಯಲ್ಲಿರುವ ಕಸುಬು ಮುಚ್ಚುವುದಿಲ್ಲ.

ಟ್ರೈನಿ, ಅಪ್ರೆಂಟಿಸ್, ಕಾಂಟ್ರ್ಯಾಕ್ಟ್

1991ರ ನಂತರ ಕಾಯಂ ಕೆಲಸ ಕಡಿಮೆಯಾಗಿ ಈ ಮೂರು ಹೆಸರುಗಳು ಹೆಚ್ಚಾದವು. ಮೂರಕ್ಕೂ ಅರ್ಥ ಬೇರೆ. ಅಪ್ರೆಂಟಿಸ್ ಎಂದರೆ 1961ರ ಕಾಯ್ದೆಯಂತೆ ಕಲಿಯಲು ಬಂದವನು. ಅವನಿಗೆ ಸಿಗುವುದು ಸ್ಟೈಪೆಂಡ್, ಸಂಬಳವಲ್ಲ. ಪಿಎಫ್ ಇಲ್ಲ. 2019ರಲ್ಲಿ ನಿಯಮ ತಿದ್ದಿದಾಗ ಈ ಸ್ಟೈಪೆಂಡಿನ ಕನಿಷ್ಠ ಮೊತ್ತವನ್ನು ಓದಿಗೆ ತಕ್ಕಂತೆ 5,000ದಿಂದ 9,000 ರೂಪಾಯಿವರೆಗೆ ಗೊತ್ತುಮಾಡಿದರು. ಕಲಿತ ಮೇಲೆ ಪ್ರಮಾಣಪತ್ರ ಸಿಗುವುದಾದರೆ ಇದು ಒಳ್ಳೆಯ ದಾರಿ. ಕಾಂಟ್ರ್ಯಾಕ್ಟ್ ಎಂದರೆ ಕೆಲಸ ಕಂಪನಿಯಲ್ಲಿ, ಸಂಬಳ ಗುತ್ತಿಗೆದಾರನಿಂದ. 'ಟ್ರೈನಿ' ಎಂಬುದು ಕಂಪನಿಗಳೇ ಇಡುವ ಹೆಸರು. ಎಷ್ಟು ತಿಂಗಳು ಟ್ರೈನಿ, ಆಮೇಲೆ ಏನು ಎಂದು ಕಾಗದದಲ್ಲಿ ಬರೆದಿರಬೇಕು.

ಕಾಗದ ಓದದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ ಪಶ್ಚಿಮ ಜಿಲ್ಲೆಗಳ ನೂಲಿನ ಗಿರಣಿಗಳ 'ಸುಮಂಗಲಿ' ಪದ್ಧತಿಯೇ ಸಾಕ್ಷಿ. ಮೂರು ವರ್ಷ ದುಡಿದರೆ ಮದುವೆಗೆ ಇಡಿಗಂಟು ಕೊಡುತ್ತೇವೆಂದು ಬಡ ಹುಡುಗಿಯರನ್ನು ಕರೆದೊಯ್ದು ಹಾಸ್ಟೆಲಿನಲ್ಲಿಟ್ಟರು. ತಿಂಗಳಿಗೆ ಕೊಟ್ಟದ್ದು ಕಡಿಮೆ. ನಡುವೆ ಕಾಯಿಲೆ ಬಿದ್ದು ಮನೆಗೆ ಬಂದವರಲ್ಲಿ ಎಷ್ಟೋ ಮಂದಿಗೆ ಆ ಗಂಟು ಸಿಗಲೇ ಇಲ್ಲ. ಹತ್ತನೆಯದು ಮುಗಿದ ಕೂಡಲೇ ಹೆಣ್ಣುಮಗುವಿಗೆ ಮದುವೆಯ ಮಾತೆತ್ತುವ ನಮ್ಮ ಬೆಟ್ಟದ ಹಳ್ಳಿಗಳಲ್ಲಿ ಈ ಕಥೆಯನ್ನು ಹೇಳಲೇಬೇಕು. ದುಡಿದ ತಿಂಗಳಿನ ಸಂಬಳ ಆ ತಿಂಗಳೇ ಬರಬೇಕು, ಅದೂ ದುಡಿದವಳ ಖಾತೆಗೆ.

ಇತ್ತೀಚಿನ ಅಧ್ಯಾಯ ನಮ್ಮ ಡೆಂಕಣಿಕೋಟೆ ತಾಲೂಕಿನಲ್ಲೇ ನಡೆದಿದೆ. ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮೊಬೈಲ್ ಭಾಗಗಳನ್ನು ಮಾಡಲು ಸಾವಿರಾರು ಹೆಣ್ಣುಮಕ್ಕಳನ್ನು ತೆಗೆದುಕೊಂಡರು. 2022ರಲ್ಲಿ ಜಾರ್ಖಂಡ್‌ನಿಂದ ನೂರಾರು ಹುಡುಗಿಯರು ವಿಶೇಷ ರೈಲಿನಲ್ಲಿ ಬಂದಿಳಿದರು. ಆಗಿನ ಪತ್ರಿಕಾ ವರದಿಗಳ ಪ್ರಕಾರ ಒಟ್ಟು ಸಂಬಳ ತಿಂಗಳಿಗೆ 16,000 ರೂಪಾಯಿಗಿಂತ ಸ್ವಲ್ಪ ಹೆಚ್ಚು, ಜೊತೆಗೆ ಊಟ ಮತ್ತು ವಸತಿ. ಅಷ್ಟು ದೂರದವರು ನಮ್ಮ ಊರಿನ ಪಕ್ಕಕ್ಕೆ ಕೆಲಸಕ್ಕೆ ಬರುವಾಗ ನಮ್ಮ ಮಕ್ಕಳು ಮನೆಯಲ್ಲಿ ಕೂತಿರಬೇಕೇ ಎಂದು ನಾವು ಯೋಚಿಸಿದ್ದುಂಟು.

ಹಲಗೆಯ ಮೇಲೆ ಬರೆದ ಲೆಕ್ಕ

ಈಗ ಆ ಹುಡುಗಿಯ ಚೀಟಿಗೆ ಬರೋಣ. ಬೇಸಿಕ್ ಮತ್ತು ಡಿಎ 10,000, ಮನೆಬಾಡಿಗೆ ಭತ್ಯೆ 4,000. ಒಟ್ಟು 14,000. ಇದರಲ್ಲಿ ಬೇಸಿಕ್ ಮತ್ತು ಡಿಎ ಮೇಲೆ ಶೇ. 12 ಪಿಎಫ್, ಅಂದರೆ 1,200. ಒಟ್ಟಿನ ಮೇಲೆ ಶೇ. 0.75 ಇಎಸ್‌ಐ, 105. ಕ್ಯಾಂಟೀನು, ಬಸ್ಸಿಗೆ 600. ಉಳಿದದ್ದು 12,095. ಹಾಗಾದರೆ ಹದಿನೈದೂವರೆ ಸಾವಿರ ಎಲ್ಲಿಂದ ಬಂತು? ಕಂಪನಿ ತನ್ನ ಪಾಲಿನಿಂದ ಪಿಎಫ್‌ಗೆ ಕಟ್ಟುವ 1,200, ಇಎಸ್‌ಐಗೆ ಕಟ್ಟುವ ಶೇ. 3.25 ಅಂದರೆ 455, ಇವನ್ನೂ 14,000ಕ್ಕೆ ಸೇರಿಸಿದರೆ 15,655. ಇದಕ್ಕೆ ಸಿಟಿಸಿ ಎನ್ನುತ್ತಾರೆ, ಕಂಪನಿಗೆ ತಗಲುವ ಒಟ್ಟು ಖರ್ಚು. ಕೆಲಸ ಕೊಡಿಸುವವರು ಹೇಳುವುದು ಈ ದೊಡ್ಡ ಅಂಕಿಯನ್ನು.

ಅವಳ ತಂದೆಯನ್ನೂ ಕರೆಸಿ ಹಲಗೆಯ ಮೇಲೆ ಇದನ್ನೆಲ್ಲ ಬರೆದು ತೋರಿಸಿದೆವು. ಅವರಿಗೆ ಓದು ಬಾರದು, ಆದರೆ ಲೆಕ್ಕ ಚೆನ್ನಾಗಿ ಬರುತ್ತದೆ. ಪಿಎಫ್ ದುಡ್ಡು ಮಗಳ ಹೆಸರಿನಲ್ಲೇ ಕೂಡುತ್ತದೆ, ಇಎಸ್‌ಐ ಇದ್ದರೆ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ದುಡ್ಡು ಹೋಗಿಲ್ಲ ಮೇಷ್ಟ್ರೇ, ಬೇರೆ ಕಡೆ ಅದೆ" ಎಂದರು. ಮಗಳ ಕಡೆ ನೋಡಿ ಬೇರೇನೂ ಹೇಳಲಿಲ್ಲ. ಅಂದು ಇಬ್ಬರೂ ಒಂದೇ ಬಸ್ಸಿಗೆ ಹೋದರು.

ಕನ್ನಡ ಮಾಧ್ಯಮದವರಿಗೆ ಇರುವ ಬಾಗಿಲುಗಳು

ಕಂಪನಿಯೊಂದೇ ದಾರಿಯಲ್ಲ. ತಮಿಳುನಾಡು ಸರಕಾರದ ಗ್ರೂಪ್ 4 ಪರೀಕ್ಷೆಗೆ ಹತ್ತನೆಯ ತರಗತಿ ಓದಿದ್ದರೆ ಸಾಕು. ಅದರಲ್ಲಿ ಆರಿಸಲ್ಪಡುವ ಕಿರಿಯ ಸಹಾಯಕನಿಗೆ 2017ರ ವೇತನ ಪರಿಷ್ಕರಣೆಯಂತೆ ಆರಂಭದ ಬೇಸಿಕ್ 19,500, ಅದರ ಮೇಲೆ ಡಿಎ. ಆದರೆ 2021ರ ಕೊನೆಯಲ್ಲಿ ಬಂದ ಆದೇಶದಂತೆ ಹತ್ತನೆಯ ತರಗತಿ ಮಟ್ಟದ ತಮಿಳು ಪತ್ರಿಕೆಯಲ್ಲಿ ಶೇ. 40 ಅಂಕ ಪಡೆಯಲೇಬೇಕು. ತಮಿಳು ಮಾಧ್ಯಮದವರಿಗೆ 2010ರ ಕಾಯ್ದೆಯಂತೆ ಶೇ. 20 ಮೀಸಲಾತಿಯೂ ಇದೆ, ಅದು ನಮ್ಮ ಮಕ್ಕಳಿಗೆ ಸಿಗದು. ಈ ಬಗ್ಗೆ ನಮಗೆ ನೋವಿದೆ. ನೋವು ಒಂದು ಕಡೆ ಇರಲಿ, ಕನ್ನಡವನ್ನು ಬಿಡದೆ ತಮಿಳನ್ನೂ ಚೆನ್ನಾಗಿ ಕಲಿಯಿರಿ ಎಂದೇ ಮಕ್ಕಳಿಗೆ ಹೇಳುತ್ತೇವೆ.

ಇನ್ನೊಂದು ಬಾಗಿಲು ಬಹಳ ಜನಕ್ಕೆ ತಿಳಿಯದು. ಕೇಂದ್ರ ಸರಕಾರದ ಸ್ಟಾಫ್ ಸೆಲೆಕ್ಷನ್ ಕಮಿಷನ್ ನಡೆಸುವ ಎಂಟಿಎಸ್ ಪರೀಕ್ಷೆಗೂ ಹತ್ತನೆಯ ತರಗತಿಯೇ ಅರ್ಹತೆ. 2023ರಿಂದ ಇದನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಬಹುದು. ಮೇಲೆ ಹೇಳಿದ 18,000 ರೂಪಾಯಿ ಬೇಸಿಕ್ ಇದರ ಆರಂಭದ ಸಂಬಳ. ಅಂಚೆಟ್ಟಿಯಲ್ಲಿ ಕನ್ನಡದಲ್ಲಿ ಓದಿದ ಮಗು ಕನ್ನಡದಲ್ಲೇ ಬರೆದು ದೇಶದ ಸರಕಾರದ ಕೆಲಸಕ್ಕೆ ಸೇರಬಹುದು.

ಕೊನೆಗೆ ಒಂದು ಮಾತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಕೆಲಸಕ್ಕೆ ಸೇರುವವರಿಗೆಲ್ಲ ನೇಮಕಪತ್ರ ಕೊಡಬೇಕೆನ್ನುತ್ತವೆ. ಆ ಕಾಗದ ಕೈಗೆ ಬಂದಾಗ ನಾಲ್ಕು ವಿಷಯ ನೋಡಿ. ಸಂಬಳ ಕೊಡುವವರು ಯಾರು, ಬೇಸಿಕ್ ಎಷ್ಟು, ಕಡಿತ ಕಳೆದು ಕೈಗೆ ಎಷ್ಟು, ಯಾವ ಕೆಲಸ ಕಲಿಸುತ್ತಾರೆ. ಅರ್ಥವಾಗದಿದ್ದರೆ ಸಹಿ ಹಾಕುವ ಮೊದಲು ನಿಮ್ಮ ಶಾಲೆಗೆ ಬನ್ನಿ. ಶಾಲೆ ಬಿಟ್ಟು ಎಷ್ಟು ವರ್ಷವಾದರೂ ಸರಿ. ಹಲಗೆ ಇದೆ, ಸೀಮೆಸುಣ್ಣ ಇದೆ, ಕೂತು ಲೆಕ್ಕ ಹಾಕೋಣ.